ಭಾಷಾಂತರ ತಂತ್ರಾಂಶದಲ್ಲಿ ಸ್ವಯಂಚಾಲನೆ

ಯಂತ್ರದ ನೆರವಿನ ಭಾಷಾಂತರವೆಂದೊಡನೆ ಯಂತ್ರವೇ ಭಾಷಾಂತರ ಮಾಡುವ ಚಿತ್ರವು ನಮ್ಮ ಕಣ್ಣಮುಂದೆ ನಿಲ್ಲುವುದು ಸಹಜ. 1954ರಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯವೂ ಐ.ಬಿ.ಎಂ. ಸಂಸ್ಥೆಯೂ ಕೂಡಿ, 250 ಪದಗಳ ಕೋಶ ಮತ್ತು ಆರು ವ್ಯಾಕರಣ ಸೂತ್ರಗಳ ಬಲದಿಂದ ರಷ್ಯನ್ ವಾಕ್ಯಗಳನ್ನು ಇಂಗ್ಲಿಷಿಗೆ ತಿರುಗಿಸಿ ತೋರಿಸಿದಂದಿನಿಂದ ಈ ಕಲ್ಪನೆ ಬಲವಾಗಿದೆ. ಇದಕ್ಕಿಂತ ವಿನಯದ ಮಾರ್ಗವೊಂದನ್ನು ಮಾರ್ಟಿನ್ ಕೇ ಎಂಬ ಭಾಷಾವಿಜ್ಞಾನಿ 1980ರಲ್ಲಿ ಪ್ರತಿಪಾದಿಸಿದನು: ಭಾಷಾಂತರಕಾರನೇ ಕರ್ತೃವಾಗಿ ಉಳಿಯಬೇಕು, ಬೇಸರದ ಕೆಲಸಗಳನ್ನು ಮಾತ್ರ ಯಂತ್ರಕ್ಕೆ ಒಪ್ಪಿಸಬೇಕು. ಇತಿಹಾಸದ ಆಕರಗಳನ್ನು ಕನ್ನಡಕ್ಕೆ ತರುವ ನಮ್ಮಂಥವರಿಗೆ ಪ್ರಯೋಜನಕ್ಕೆ ಬರುವುದು ಈ ಎರಡನೆಯ ಮಾರ್ಗವೇ. ಆದುದರಿಂದ ಒಮೇಗಾ-ಟಿ ಎಂಬ ಮುಕ್ತ ತಂತ್ರಾಂಶವನ್ನು ನಿದರ್ಶನವಾಗಿಟ್ಟುಕೊಂಡು, ಬೇಸರದ ಕೆಲಸಗಳಲ್ಲಿ ಯಾವುದನ್ನು ಯಂತ್ರಕ್ಕೆ ಒಪ್ಪಿಸಬಹುದು, ಯಾವುದನ್ನು ಒಪ್ಪಿಸಲಾಗದು ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಈ ತಂತ್ರಾಂಶವು ಮೂಲಗ್ರಂಥವನ್ನು ವಾಕ್ಯವಾಕ್ಯವಾಗಿ ವಿಂಗಡಿಸಿ ನಮ್ಮ ಮುಂದಿಡುತ್ತದೆ. ನಾವು ಬರೆದ ಭಾಷಾಂತರವನ್ನು ಮೂಲವಾಕ್ಯದೊಡನೆ ಜೋಡಿಸಿ ತನ್ನ ಸ್ಮೃತಿಕೋಶದಲ್ಲಿರಿಸಿಕೊಂಡು, ಮುಂದೆ ಅದನ್ನು ಹೋಲುವ ವಾಕ್ಯ ಬಂದಾಗ ಹಳೆಯದನ್ನು ಸೂಚಿಸುತ್ತದೆ. ಇಷ್ಟು ಎಲ್ಲರಿಗೂ ತಿಳಿದ ಸಂಗತಿ. ಅಷ್ಟಾಗಿ ತಿಳಿಯದಿರುವುದೆಂದರೆ, ಗ್ರೂವಿ ಎಂಬ ಭಾಷೆಯಲ್ಲಿ ಬರೆದ ಕಿರು ವಿಧಿಗಳನ್ನು, ಎಂದರೆ ಸ್ಕ್ರಿಪ್ಟ್‌ಗಳನ್ನು, ಇದಕ್ಕೆ ನಾವೇ ಸೇರಿಸಬಹುದೆಂಬುದು. ಸ್ಕ್ರಿಪ್ಟ್ ಕೆಲವೇ ಸಾಲುಗಳದ್ದಾದರೂ ಗ್ರಂಥದ ಎಲ್ಲ ವಾಕ್ಯಜೋಡಿಗಳನ್ನೂ ಒಂದೊಂದಾಗಿ ಓದಬಲ್ಲದು, ಹೋಲಿಸಬಲ್ಲದು, ಬಯಸಿದರೆ ತಿದ್ದಲೂ ಬಲ್ಲದು. ನಿಯತವಾದ ಫೋಲ್ಡರಿನಲ್ಲಿಟ್ಟರೆ, ಗ್ರಂಥವನ್ನು ತೆರೆದಾಗ ಅಥವಾ ಹೊಸ ವಾಕ್ಯಕ್ಕೆ ಹೋದಾಗ ತಾನಾಗಿಯೇ ನಡೆಯುತ್ತದೆ.

ಫ್ರಾನ್ಸಿಸ್ ಬುಕಾನನ್ನನ ಮೈಸೂರು ಪ್ರವಾಸಗ್ರಂಥವನ್ನು ವಿದ್ಯಾರ್ಥಿಯೊಬ್ಬನು ಕನ್ನಡಿಸುತ್ತಿದ್ದಾನೆಂದು ಭಾವಿಸೋಣ. 1807ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾದ ಈ ಕೃತಿಯಲ್ಲಿ ಬೆಲೆ, ಅಳತೆ, ತೂಕ, ದಿನಾಂಕಗಳು ಪುಟಪುಟಕ್ಕೂ ತುಂಬಿವೆ. ಒಂದು ಅಂಕಿ ತಪ್ಪಿದರೆ ಮುಂದೆ ಅದನ್ನು ಆಧಾರವಾಗಿಟ್ಟುಕೊಳ್ಳುವ ಆರ್ಥಿಕ ಇತಿಹಾಸವೆಲ್ಲ ತಪ್ಪುತ್ತದೆ. ಮೂಲದ ಅಂಕಿಗಳು ಭಾಷಾಂತರದಲ್ಲಿ ಇವೆಯೇ ಎಂದು ನೋಡುವುದು ಯಂತ್ರಕ್ಕೆ ತಕ್ಕ ಕೆಲಸ; ಮನುಷ್ಯನ ಕಣ್ಣು ನೂರನೆಯ ಪುಟದಲ್ಲಿ ದಣಿಯುತ್ತದೆ, ಯಂತ್ರ ದಣಿಯದು. ಇಲ್ಲಿಯೂ ಒಂದು ತೊಡಕುಂಟು. ಈ ತಂತ್ರಾಂಶಕ್ಕೆ ತಳಹದಿಯಾದ ಜಾವಾದಲ್ಲಿ 'ಅಂಕಿ' ಎಂಬ ಸಾಮಾನ್ಯ ಸಂಕೇತವು, ಬೇರೆ ಆಜ್ಞೆಯಿಲ್ಲದಿದ್ದರೆ, 0ಯಿಂದ 9ರ ವರೆಗಿನ ರೂಪಗಳನ್ನಷ್ಟೇ ಗುರುತಿಸುತ್ತದೆ. ಮೂಲದಲ್ಲಿ 1800 ಎಂದಿದ್ದು ವಿದ್ಯಾರ್ಥಿಯು ೧೮೦೦ ಎಂದು ಬರೆದಿದ್ದರೆ, ಅಂಕಿಯೇ ಬಿಟ್ಟುಹೋಗಿದೆಯೆಂದು ಸ್ಕ್ರಿಪ್ಟ್ ದೂರು ಹೇಳುತ್ತದೆ. ಹೋಲಿಸುವ ಮುನ್ನ ಕನ್ನಡ ಅಂಕಿಗಳನ್ನು ಪರಿವರ್ತಿಸಿಕೊಳ್ಳಬೇಕೆಂದು ಒಂದು ಸಾಲು ಸೇರಿಸಿದರೆ ಸಾಕು.

ಅಕ್ಷರಗಳಲ್ಲಿಯೂ ಹೀಗೆಯೇ. ಯೂನಿಕೋಡ್ ಪದ್ಧತಿಯಲ್ಲಿ 'ಕೋ' ಎಂಬುದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಬಿಡಿ ಸಂಕೇತಗಳಾಗಿಯೂ ಬರೆಯಬಹುದು. ಓದುವವನಿಗೆ ಎರಡೂ ಒಂದೇ. ಹುಡುಕುವ ಯಂತ್ರಕ್ಕೆ ಬೇರೆ ಬೇರೆ. 'ಕೋಲಾರ'ವನ್ನು ಹುಡುಕಿದಾಗ ಅರ್ಧ ಕೋಲಾರಗಳು ಸಿಗದೆ ಹೋಗುವುದು ಇದರಿಂದಲೇ. ಎರಡನ್ನೂ ಒಂದೇ ರೂಪಕ್ಕೆ ತಂದ ಮೇಲೆ ಹುಡುಕುವುದು ಕ್ಷೇಮ.

ಇವೆಲ್ಲ ಪರೀಕ್ಷೆಯ ಮಾತಾಯಿತು. ತಿದ್ದುವ ಅಧಿಕಾರವನ್ನೂ ಸ್ಕ್ರಿಪ್ಟಿಗೆ ಕೊಟ್ಟಾಗ ಅಪಾಯ ಆರಂಭವಾಗುತ್ತದೆ. 'ಸೈನ್ಯ' ಎಂದು ಬರೆದುದನ್ನೆಲ್ಲ 'ಪಡೆ' ಎಂದು ಬದಲಿಸಬೇಕೆಂದು ಆಜ್ಞಾಪಿಸಿದೆವೆನ್ನೋಣ. 'ಸೈನ್ಯಕ್ಕೆ' ಎಂಬುದು 'ಪಡೆಕ್ಕೆ' ಆಗುತ್ತದೆ; ಇದು ಹಾಸ್ಯಾಸ್ಪದವಾದುದರಿಂದಲೇ ಕಣ್ಣಿಗೆ ಬೀಳುತ್ತದೆ. ಆದರೆ 'ಬ್ರಿಟಿಷ್ ಸೈನ್ಯದ ಅಧಿಕಾರಿ' ಎಂಬುದು 'ಬ್ರಿಟಿಷ್ ಪಡೆದ ಅಧಿಕಾರಿ' ಎಂದಾಗುತ್ತದೆ, 'ಸೈನ್ಯದಲ್ಲಿ' ಎಂಬುದು 'ಪಡೆದಲ್ಲಿ' ಎಂದಾಗುತ್ತದೆ. ಇವೆರಡೂ ಕನ್ನಡದಲ್ಲಿ ಅರ್ಥವುಳ್ಳ ಪದಗಳೇ ಆದುದರಿಂದ ಕಾಗುಣಿತ ಪರೀಕ್ಷಕವೂ ಮೌನವಾಗಿರುತ್ತದೆ. 'ಸೈನ್ಯಾಧಿಕಾರಿ'ಯಲ್ಲಂತೂ ಒಂದೇ ವ್ಯಂಜನದ ಮೇಲೆ ಎರಡು ಸ್ವರಚಿಹ್ನೆಗಳು ಬಂದು ಕೂರುತ್ತವೆ. ಇಂಗ್ಲಿಷಿನಲ್ಲಿ ಇಂಥ ಬದಲಾವಣೆ ಬಹುಮಟ್ಟಿಗೆ ನಿರಪಾಯ. ಪ್ರಕೃತಿಗೆ ಪ್ರತ್ಯಯವು ಅಂಟಿಕೊಂಡು ಬರುವ, ಸಂಧಿಯಿಂದ ರೂಪ ಮಾರ್ಪಡುವ ಕನ್ನಡದಲ್ಲಿ ಅಲ್ಲ. ತಪ್ಪು ಅಲ್ಲಿಗೇ ನಿಲ್ಲುವುದೂ ಇಲ್ಲ. ಕೆಟ್ಟ ವಾಕ್ಯವು ಸ್ಮೃತಿಕೋಶವನ್ನು ಸೇರಿ, ಮುಂದಿನ ಸಂಪುಟದಲ್ಲಿ ಸಿದ್ಧ ಸೂಚನೆಯಾಗಿ ಮರಳಿ ಬರುತ್ತದೆ. ಆ ಕೋಶವನ್ನು ಎರವಲು ಪಡೆದ ಮತ್ತೊಬ್ಬನ ಗ್ರಂಥಕ್ಕೂ ಹಬ್ಬುತ್ತದೆ.

ಆದುದರಿಂದ 'ಸೈನ್ಯ' ಇರುವ ವಾಕ್ಯಗಳನ್ನು ಪಟ್ಟಿ ಮಾಡಿಕೊಡುವಂತೆ ಸ್ಕ್ರಿಪ್ಟನ್ನು ಬರೆದು, ತಿದ್ದುಪಡಿಯನ್ನು ಕೈಯಿಂದಲೇ ಮಾಡುವುದು ಮೇಲೆಂದು ನಮ್ಮ ಅಭಿಪ್ರಾಯ. ಇನ್ನೂರು ವಾಕ್ಯಗಳಿದ್ದರೂ ಅದು ಒಂದು ಸಂಜೆಯ ಕೆಲಸ. ಯಂತ್ರದಿಂದಲೇ ತಿದ್ದಿಸಬೇಕೆನ್ನುವವರು ಪ್ರತಿಯೊಂದು ವಿಭಕ್ತಿರೂಪಕ್ಕೂ ಪ್ರತ್ಯೇಕ ಸೂತ್ರವನ್ನು ಬರೆದು, ಮೊದಲು ಒಂದು ಅಧ್ಯಾಯದ ನಕಲಿನ ಮೇಲೆ ಪ್ರಯೋಗಿಸಿ ನೋಡಬೇಕು. ಒಮೇಗಾ-ಟಿಯು ಸ್ಮೃತಿಕೋಶದ ಹಿಂದಿನ ಪ್ರತಿಗಳನ್ನು ಗ್ರಂಥದ ಫೋಲ್ಡರಿನಲ್ಲಿ ಕಾಲಸೂಚನೆಯೊಡನೆ ಉಳಿಸಿರುತ್ತದೆ. ಅವುಗಳ ಸಂಖ್ಯೆ ಸೀಮಿತವಾದುದರಿಂದ, ಸ್ಕ್ರಿಪ್ಟನ್ನು ನಡೆಸುವ ಮುನ್ನ ಒಂದು ಪ್ರತಿಯನ್ನು ಬೇರೆಡೆ ತೆಗೆದಿರಿಸಿಕೊಳ್ಳತಕ್ಕದ್ದು.