ದಾಂಡಿಯಿಂದ ಹೊಸರಿತ್ತಿಗೆ

ನರಗುಂದ ಸಂಸ್ಥಾನದ ಅರಸ ಭಾಸ್ಕರರಾವ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬರು, ಕತ್ತಿ ಹಿಡಿಯುವ ಮೊದಲು ಅರ್ಜಿ ಹಿಡಿದವರು. ಮಗ ತೀರಿಕೊಂಡ ಮೇಲೆ ದತ್ತಕಕ್ಕೆ ಅನುಮತಿ ಕೇಳಿದರು. ಕಂಪನಿ ಸರಕಾರ ಒಪ್ಪಲಿಲ್ಲ. ಆಮೇಲೆ ಆಯುಧಗಳನ್ನೂ ಒಪ್ಪಿಸಬೇಕೆಂಬ ಆಜ್ಞೆ ಬಂತು. 1858ರ ಮೇ ಕೊನೆಯಲ್ಲಿ ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಕೊಲೆಯಾದ. ಅವನ ರುಂಡ ನರಗುಂದದ ಅಗಸಿಯಲ್ಲಿ ತೂಗಿತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬರಿಗೆ ಗಲ್ಲಾಯಿತು.

ಅವರಿಗೆ ಕಳೆದುಕೊಳ್ಳಲು ಸಂಸ್ಥಾನವಿತ್ತು. ಆದರ್ಶದ ಬೆನ್ನು ಹತ್ತಿ ಮನೆ ಬಿಟ್ಟ ಹುಡುಗರ ಲೆಕ್ಕ ಬೇರೆ. ನರಗುಂದವೂ ಸೇರಿದ್ದ ಹಳೆಯ ಧಾರವಾಡ ಜಿಲ್ಲೆಯಲ್ಲಿ ಆ ಲೆಕ್ಕ ಸ್ಪಷ್ಟವಾಗಿ ಕಾಣುವುದು ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರ ಬದುಕಿನಲ್ಲಿ. 1930ರಲ್ಲಿ ಗಾಂಧೀಜಿಯೊಡನೆ ದಾಂಡಿಗೆ ನಡೆದ 78 ಜನರಲ್ಲಿ ಕರ್ನಾಟಕದವರು ಇವರೊಬ್ಬರೇ, ವಯಸ್ಸು 18. ಊರಿಗೆ ಮರಳಿ ಖಾದಿ, ಗ್ರಾಮಸೇವೆ ಎಂದು ವರ್ಷಗಳನ್ನೇ ಕಳೆದರು. ನಡುವೆ ಸೆರೆಮನೆಯೂ ಆಯಿತು.

ಕ್ವಿಟ್ ಇಂಡಿಯಾ ಕರೆಯ ಬೆನ್ನಲ್ಲೇ, 1942ರ ಆಗಸ್ಟ್ 9ರ ಬೆಳಗಿಗೆ ನಾಯಕರೆಲ್ಲ ಬಂಧನದಲ್ಲಿದ್ದರು, ಕಾಂಗ್ರೆಸ್ ಕಾನೂನುಬಾಹಿರವಾಗಿತ್ತು. ಸಭೆ ಸೇರುವಂತಿಲ್ಲ, ಪತ್ರಿಕೆಯಲ್ಲಿ ಬರೆಯುವಂತಿಲ್ಲ. ದುಡುಕಬೇಡಿ ಎನ್ನಬಹುದಾಗಿದ್ದ ಹಿರಿಯರನ್ನೇ ಸರಕಾರ ಒಳಗೆ ಹಾಕಿತ್ತು; ಹೊರಗುಳಿದವರು ಹುಡುಗರು. ಮೊದಲು ತಂತಿ ಕತ್ತರಿಸಿದರು. ಆಮೇಲೆ ರೈಲು ನಿಲ್ದಾಣಕ್ಕೆ ಬೆಂಕಿ, ಚಾವಡಿಗೆ ಬೆಂಕಿ. ಹಳ್ಳಿಯವರ ಪಾಲಿಗೆ ಸರಕಾರವೆಂದರೆ ಚಾವಡಿಯೇ, ಕಂದಾಯದ ದಫ್ತರ ಇರುತ್ತಿದ್ದುದು ಅಲ್ಲೇ. ಹಾಗಾಗಿ ಸುಟ್ಟವರಿಗೆ ಹಳ್ಳಿಗಳಲ್ಲಿ ರೊಟ್ಟಿಯೂ ಸಿಕ್ಕಿತು, ಅಡಗಲು ಜಾಗವೂ ಸಿಕ್ಕಿತು. ಒಮ್ಮೆ ವಾರಂಟ್ ಬಿದ್ದ ಮೇಲೆ ಮನೆಗೆ ಹೋಗುವ ದಾರಿಯಿಲ್ಲ. ಮಾತಾಡಲು ಉಳಿಯುವುದು ಜೊತೆಗೆ ಓಡುತ್ತಿರುವ ನಾಲ್ಕೈದು ಜನ. ಅವರಲ್ಲಿ ಬೇಡ ಎನ್ನುವವನಿಗೆ ಹೇಡಿ ಎಂಬ ಅಂಜಿಕೆ.

ಸೊತ್ತಿಗೆ ಕೈಹಚ್ಚಬಹುದು, ಜೀವಕ್ಕಲ್ಲ ಎಂಬುದು ಆ ಭೂಗತ ಚಳವಳಿ ತಾನೇ ಹಾಕಿಕೊಂಡ ಗೆರೆ. ಬಯಲಲ್ಲಿ ನಿಂತ ತಂತಿಕಂಬದ ಮಟ್ಟಿಗೆ ಅದನ್ನು ಪಾಲಿಸುವುದು ಕಷ್ಟವೇನಲ್ಲ. ಕಂದಾಯದ ಹಣ ಹಾಗಲ್ಲ, ಅದರ ಪಕ್ಕದಲ್ಲಿ ಬಂದೂಕು ಹಿಡಿದ ಪೊಲೀಸ್ ಇರುತ್ತಾನೆ. 1943ರ ಏಪ್ರಿಲ್ 1ರಂದು ವರದಾ ತೀರದ ಹೊಸರಿತ್ತಿಯಲ್ಲಿ ಅಂಥ ಹಣದ ಮೇಲೆ ದಾಳಿ ಮಾಡಿದಾಗ ಗುಂಡು ಹಾರಿತು. ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಮೂವರೂ ಸತ್ತರು. ಮಹಾದೇವಪ್ಪನವರಿಗೆ ಆಗ 31. ಗುಟ್ಟಿನ ಕೆಲಸವನ್ನೂ ವಿಧ್ವಂಸವನ್ನೂ ಗಾಂಧೀಜಿ ಎಂದೂ ಒಪ್ಪಲಿಲ್ಲ. 1944ರಲ್ಲಿ ಬಿಡುಗಡೆಯಾದ ಮೇಲೆ, ಭೂಗತರು ಹೊರಬರಲಿ ಎಂದರು. ಹೊಸರಿತ್ತಿಯವರ ಪಾಲಿಗೆ ಆ ಮಾತು ಒಂದು ವರ್ಷ ತಡವಾಗಿತ್ತು.

ಸೊತ್ತಿಗೆ ಸರಿ, ಜೀವಕ್ಕಲ್ಲ ಎಂಬ ತರ್ಕ ಸ್ವತಂತ್ರ ಭಾರತದಲ್ಲೂ ಮತ್ತೊಮ್ಮೆ ತಲೆಯೆತ್ತಿತು. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂದಾಗ ಮಂಗಳೂರು ಮೂಲದ ಜಾರ್ಜ್ ಫರ್ನಾಂಡಿಸ್ ಭೂಗತರಾದರು, ಮುಂದೆ ಸರಕಾರಿ ಸೊತ್ತು ಸ್ಫೋಟಿಸುವ ಸಂಚಿನ ಆರೋಪದ ಬರೋಡಾ ಡೈನಮೈಟ್ ಮೊಕದ್ದಮೆಯಲ್ಲಿ ಮುಖ್ಯ ಆರೋಪಿಯಾದರು. ಹುಡುಗರೇನಲ್ಲ, ವಯಸ್ಸು 45 ದಾಟಿತ್ತು. ಆದರೂ ಜೀವಹಾನಿ ತಮ್ಮ ಉದ್ದೇಶವಲ್ಲ ಎಂಬ ಹಳೆಯ ವಾದವನ್ನೇ ಆ ಗುಂಪೂ ಹೂಡಿತು. 1977ರ ಮಾರ್ಚ್‌ನಲ್ಲಿ ಚುನಾವಣೆ ನಡೆಯಿತು. ಜೈಲಿನಲ್ಲಿದ್ದುಕೊಂಡೇ ಜಾರ್ಜ್ ಮುಜಫರ್‌ಪುರದಿಂದ ಗೆದ್ದರು. ಹೊಸ ಸರಕಾರ ಮೊಕದ್ದಮೆ ಕೈಬಿಟ್ಟಿತು, ಅವರು ಮಂತ್ರಿಯಾದರು.