ಕಾಮಾಲೆ ಎಂದುಕೊಂಡ ಮೂರು ವಾರ

ಮನೆಯ ಹುಡುಗನ ಕಣ್ಣು ಹಳದಿಯಾದರೆ ಹಿರಿಯರ ಬಾಯಲ್ಲಿ ಮೊದಲು ಬರುವ ಮಾತು 'ಕಾಮಾಲೆ'. ನೆಲನೆಲ್ಲಿ ಅರೆದು ಕುಡಿಸುತ್ತಾರೆ, ಮಜ್ಜಿಗೆ ಅನ್ನ ಹಾಕುತ್ತಾರೆ, ನಾಟಿ ಔಷಧಿ ಕೊಡುವವರ ಊರಿಗೆ ನಸುಕಿನಲ್ಲೇ ಬಸ್ಸು ಹತ್ತಿಸುತ್ತಾರೆ. ಐದಾರು ವರ್ಷಗಳಿಂದ ಅವನು ದಿನಾ ಒಂದು ಕ್ವಾರ್ಟರ್ ಹಾಕುತ್ತಿದ್ದುದು ಅಪ್ಪನಿಗೆ ಗೊತ್ತಿಲ್ಲ. ಗೊತ್ತಿರುವ ಗೆಳೆಯರು ಬಾಯಿ ಬಿಡುವುದಿಲ್ಲ. ಹೀಗೆ ಕೈತಪ್ಪುವ ಎರಡು ಮೂರು ವಾರಗಳನ್ನು ನೆನೆದರೆ ಸಂಕಟವಾಗುತ್ತದೆ. ಕುಡಿತದಿಂದ ಲಿವರ್ ಊದಿಕೊಳ್ಳುವ ಆಲ್ಕೋಹಾಲಿಕ್ ಹೆಪಟೈಟಿಸ್ ಕೂಡ ಹಳದಿ ಕಣ್ಣಿನಿಂದಲೇ ಕಾಣಿಸಿಕೊಳ್ಳುತ್ತದೆ. ಅದು ತೀವ್ರವಾಗಿದ್ದರೆ ತಿಂಗಳೊಪ್ಪತ್ತಿನಲ್ಲಿ ಜೀವ ತೆಗೆಯಬಲ್ಲದು.

'ಬರೀ ಕ್ವಾರ್ಟರ್' ಅನ್ನುತ್ತಾರಲ್ಲ, ಅದರ ಲೆಕ್ಕ ನೋಡಿ. 180 ಮಿ.ಲೀ. ವಿಸ್ಕಿಯಲ್ಲಿ ಆಲ್ಕೋಹಾಲ್ ಶೇ 42.8ರಷ್ಟು, ಅಂದರೆ ಸುಮಾರು 60 ಗ್ರಾಂ. ಒಂದೇ ಸಲಕ್ಕೆ ಇಷ್ಟು ಕುಡಿದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಅತಿಕುಡಿತ ಎಂದು ಎಣಿಸುತ್ತದೆ. ಅಷ್ಟನ್ನು ಕರಗಿಸಲು ಲಿವರ್‌ಗೆ ಆರೆಂಟು ಗಂಟೆ ಬೇಕು. ರಾತ್ರಿ ಹತ್ತಕ್ಕೆ ಮಲಗಿದವನ ಒಳಗೆ ಅದು ಬೆಳಗಿನವರೆಗೂ ದುಡಿಯುತ್ತಲೇ ಇರುತ್ತದೆ.

'ಚಿಕ್ಕ ವಯಸ್ಸು, ತಡಕೊಳ್ಳುತ್ತೆ' ಎಂಬ ನಂಬಿಕೆ ಸುಳ್ಳು. ಮೂವತ್ತರ ಆಸುಪಾಸಿನವರೂ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ವಾರ್ಡಿನಲ್ಲಿ ಮಲಗಿರುತ್ತಾರೆ. ಹೆಣ್ಣುಮಕ್ಕಳಿಗೆ ಇನ್ನೂ ಕಡಿಮೆ ಪ್ರಮಾಣವೇ ಸಾಕು. ಲಿವರ್‌ನಲ್ಲಿ ಮೊದಲು ಸೇರುವುದು ಕೊಬ್ಬು. ಅದು ನೋಯುವುದಿಲ್ಲ, ಹಸಿವು ಕೆಡುವುದಿಲ್ಲ, ಕೆಲಸಕ್ಕೆ ಹೋಗಲು ಅಡ್ಡಿಯಿಲ್ಲ. ಈ ಹಂತದಲ್ಲಿ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಬಹುಪಾಲು ಕರಗುತ್ತದೆ. ಅಯ್ಯಪ್ಪ ಮಾಲೆ ಹಾಕಿ 41 ದಿನ ಮುಟ್ಟದೆ ಇರುವ ಹುಡುಗರು ನಮ್ಮಲ್ಲಿ ಎಷ್ಟೊಂದು! ಆ ವ್ರತದ ದಿನಗಳಲ್ಲಿ ಲಿವರ್ ಚೇತರಿಸಿಕೊಳ್ಳುತ್ತದೆ. ಮಾಲೆ ತೆಗೆದ ರಾತ್ರಿಯೇ ಮತ್ತೆ ಬಾಟಲಿ ತೆರೆಯುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಕೊಬ್ಬು ದಾಟಿ ಗಾಯದ ಗಂಟುಗಳು ಕಟ್ಟಿದರೆ ಸಿರೋಸಿಸ್. ಆಮೇಲೆ ಲಿವರ್ ಮೊದಲಿನಂತಾಗುವುದು ಕಷ್ಟ.

ದಿನವೂ ಕುಡಿಯುವವರನ್ನು ಆಣೆ ಹಾಕಿಸಿ ಒಮ್ಮೆಲೇ ಬಿಡಿಸುವುದೂ ಅಪಾಯ. ಕೈ ನಡುಕ, ಫಿಟ್ಸ್, ಎರಡು ಮೂರು ದಿನಗಳಲ್ಲಿ ಭ್ರಮೆ ಕಾಣಿಸಬಹುದು. ವೈದ್ಯರ ಕಣ್ಗಾವಲಿನಲ್ಲೇ ಬಿಡಿಸಬೇಕು. ಎಲ್ಲಿಗೆ ಹೋಗಬೇಕೆಂದು ತಿಳಿಯದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಆಸ್ಪತ್ರೆಯಲ್ಲಿ ವೈದ್ಯರು 'ಕುಡೀತೀಯೇನಪ್ಪಾ?' ಎಂದು ಕೇಳಿದಾಗ ಹುಡುಗ ಪಕ್ಕದಲ್ಲಿ ಕೂತ ಅಮ್ಮನ ಮುಖ ನೋಡಿ 'ಯಾವಾಗಾದ್ರೂ ಒಂದ್ಸಲ' ಅನ್ನುತ್ತಾನೆ. ಅಮ್ಮಂದಿರೇ, ಆ ಹೊತ್ತು ಎರಡು ನಿಮಿಷ ಹೊರಗೆ ಬೆಂಚಿನ ಮೇಲೆ ಕೂತಿರಿ.