ವಾಷಿಂಗ್ಟನ್ನಿನ ತೀರ್ಮಾನ, ನಮ್ಮ ಕಣದ ಕಾಫಿ

ಅಮೆರಿಕದಲ್ಲಿ ಯಾರು ಅಧ್ಯಕ್ಷರಾದರೆ ನಮಗೇನು ಎಂದು ಕೇಳುವ ಸದಸ್ಯರು ನಮ್ಮಲ್ಲಿ ಉಂಟು. ಅಡಿಕೆಯ ಮಟ್ಟಿಗೆ ಈ ಮಾತು ಬಹುಪಾಲು ನಿಜ. ಅಡಿಕೆ ತಿನ್ನುವವರು ಹೆಚ್ಚಾಗಿ ನಮ್ಮ ದೇಶದವರೇ. ಅದರ ಧಾರಣೆಯಲ್ಲಿ ದೆಹಲಿಯ ಮಾತು ನಡೆಯುತ್ತದೆ. 2023ರ ಫೆಬ್ರವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದ್ದು ದೆಹಲಿಯೇ.

ಕಾಫಿಯ ಸಂಗತಿ ಬೇರೆ. ನಮ್ಮ ದೇಶದ ಕಾಫಿಯಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಹಡಗು ಹತ್ತುತ್ತದೆ. ಅದು ಹೆಚ್ಚಾಗಿ ಹೋಗುವುದು ಇಟಲಿ, ಜರ್ಮನಿ, ರಷ್ಯಗಳಂಥ ದೇಶಗಳಿಗಾದರೂ, ಅರೇಬಿಕಾದ ಧಾರಣೆಗೆ ದಿಕ್ಕು ತೋರುವುದು ನ್ಯೂಯಾರ್ಕ್ ಪೇಟೆ. ಹವಾಯಿ, ಪೋರ್ಟೊ ರಿಕೊಗಳನ್ನು ಬಿಟ್ಟರೆ ಹೇಳಿಕೊಳ್ಳುವಂಥ ಕಾಫಿ ಬೆಳೆಯಿಲ್ಲದ ಅಮೆರಿಕವು ಬಹುಕಾಲದಿಂದ ಜಗತ್ತಿನ ಅತಿ ದೊಡ್ಡ ಗಿರಾಕಿಗಳಲ್ಲಿ ಒಂದು. ಆ ಗಿರಾಕಿಯ ಯಜಮಾನರು ಕಾಫಿಯ ವಿಷಯದಲ್ಲಿ ಹೇಗೆ ನಡೆದುಕೊಂಡಿದ್ದಾರೆ ಎಂಬುದನ್ನು ಬೆಳೆಗಾರ ಬಾಂಧವರು ತಿಳಿದಿರುವುದು ಒಳ್ಳೆಯದು.

ಭಯದಿಂದ ಹುಟ್ಟಿದ ಒಪ್ಪಂದ

1954ರಲ್ಲಿ ಕಾಫಿ ದುಬಾರಿಯಾದಾಗ ಅಧ್ಯಕ್ಷ ಐಸೆನ್‌ಹೋವರ್ ಅವರು ಬೆಲೆ ಏರಿಕೆಯ ತನಿಖೆಗೆ ಆದೇಶವಿತ್ತರು. ಮುಂದೆ ಬೆಲೆ ಕುಸಿದು ದಕ್ಷಿಣ ಅಮೆರಿಕದ ಬೆಳೆಗಾರರು ಕಂಗಾಲಾದಾಗ ಅಷ್ಟು ಅವಸರ ಕಾಣಲಿಲ್ಲ. 1959ರಲ್ಲಿ ಕ್ಯೂಬಾದಲ್ಲಿ ಕ್ಯಾಸ್ಟ್ರೊ ಅಧಿಕಾರ ಹಿಡಿದ ಮೇಲೆ ಲೆಕ್ಕ ಬದಲಾಯಿತು. ಕಾಫಿ ಬೆಳೆಯುವ ನೆರೆ ರಾಜ್ಯಗಳಲ್ಲಿ ಬಡತನ ಹೆಚ್ಚಿದರೆ ಅಲ್ಲಿಯೂ ಕ್ರಾಂತಿಯಾದೀತು ಎಂಬ ಭಯ ಹುಟ್ಟಿತು. 1961ರಲ್ಲಿ ಅಧಿಕಾರಕ್ಕೆ ಬಂದ ಕೆನೆಡಿ ಅವರು ಆ ದೇಶಗಳಿಗೆ ನೆರವಿನ ಯೋಜನೆಯನ್ನು ಸಾರಿದರು. 1962ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದವಾಯಿತು.

ಅದರ ಕ್ರಮ ಸರಳ. ಬೆಳೆಯುವ ಪ್ರತಿಯೊಂದು ದೇಶಕ್ಕೂ ರಫ್ತಿನ ಕೋಟಾ. ಬೆಲೆ ಇಳಿದರೆ ಕೋಟಾ ಬಿಗಿ, ಏರಿದರೆ ಸಡಿಲ. ಕೊಳ್ಳುವ ದೇಶಗಳೂ ಸದಸ್ಯರಾಗಿ, ಕೋಟಾ ಮೀರಿದ ಕಾಫಿಯನ್ನು ಒಳಗೆ ಬಿಡುವುದಿಲ್ಲವೆಂದು ಒಪ್ಪಿದ್ದವು. ಗಿರಾಕಿಯೇ ಮಾಲಿನ ಬೆಲೆ ಬೀಳದಂತೆ ನೋಡಿಕೊಳ್ಳುವ ಇಂಥ ಏರ್ಪಾಡು ಅಪರೂಪ. ಅಮೆರಿಕದ ಕಾಂಗ್ರೆಸ್ಸು ಇದನ್ನು ಜಾರಿಗೊಳಿಸುವ ಕಾನೂನು ಮಾಡಿದ್ದು 1965ರಲ್ಲಿ, ಜಾನ್ಸನ್ ಅವರ ಕಾಲದಲ್ಲಿ.

ಒಪ್ಪಂದದ ಬುಡ ಎಷ್ಟು ಸಡಿಲವೆಂಬುದು ಬೇಗನೆ ತಿಳಿಯಿತು. 1971ರಲ್ಲಿ ನಿಕ್ಸನ್ ಅವರು ಡಾಲರಿಗೂ ಚಿನ್ನಕ್ಕೂ ಇದ್ದ ಗಂಟನ್ನು ಬಿಚ್ಚಿದರು. ಡಾಲರಿನ ಬೆಲೆ ಇಳಿಯಿತು. ಅದೇ ಡಾಲರಿನಲ್ಲಿ ಹಣ ಪಡೆಯುತ್ತಿದ್ದ ಬೆಳೆಗಾರ ದೇಶಗಳು ನಷ್ಟ ತುಂಬಿಕೊಡಿರೆಂದು ಕೇಳಿದವು, ಅಮೆರಿಕ ಒಪ್ಪಲಿಲ್ಲ. 1972ರ ಕೊನೆಯಲ್ಲಿ ಕೋಟಾ ನಿಂತುಹೋಯಿತು. 1975ರ ಜುಲೈಯಲ್ಲಿ ಬ್ರೆಜಿಲ್ ತೋಟಗಳ ಮೇಲೆ ಹಿಮ ಬಿದ್ದು, 1977ರಲ್ಲಿ ಕಾಫಿ ಪೌಂಡಿಗೆ 3 ಡಾಲರ್ ದಾಟಿತು. ಬೆಲೆ ಮತ್ತೆ ಇಳಿದಾಗ, 1980ರಲ್ಲಿ ಕೋಟಾ ಮರಳಿ ಬಂತು.

ಭಯ ಹೋಯಿತು, ಒಪ್ಪಂದವೂ ಹೋಯಿತು

1989ರಲ್ಲಿ ಹಿರಿಯ ಬುಷ್ ಅಧ್ಯಕ್ಷರಾಗಿದ್ದರು. ತಮಗೆ ಬೇಕಾದ ಮಧ್ಯ ಅಮೆರಿಕದ ಉತ್ತಮ ಅರೇಬಿಕಾ ಸಾಕಷ್ಟು ಸಿಗುತ್ತಿಲ್ಲ, ಸದಸ್ಯರಲ್ಲದ ದೇಶಗಳಿಗೆ ಅದೇ ಕಾಫಿ ಅಗ್ಗವಾಗಿ ಹೋಗುತ್ತಿದೆ ಎಂಬುದು ಅಮೆರಿಕದ ತಕರಾರು. ತನ್ನ ಕೋಟಾ ಬಿಟ್ಟುಕೊಡಲು ಬ್ರೆಜಿಲ್ ಸಿದ್ಧವಿರಲಿಲ್ಲ. ಕಮ್ಯುನಿಸಂ ಭಯ ಕರಗುತ್ತಿದ್ದ ಆ ದಿನಗಳಲ್ಲಿ ಒಪ್ಪಂದವನ್ನು ಉಳಿಸಿಕೊಳ್ಳುವ ತುರ್ತು ವಾಷಿಂಗ್ಟನ್ನಿಗೂ ಇರಲಿಲ್ಲ. ಜುಲೈ 4ರಿಂದ ಕೋಟಾ ರದ್ದಾಯಿತು. ಗೋದಾಮುಗಳಲ್ಲಿದ್ದ ಕಾಫಿಯೆಲ್ಲ ಒಮ್ಮೆಲೇ ಪೇಟೆಗೆ ಬಂದು ಬೆಲೆ ನೆಲ ಕಚ್ಚಿತು. 1991ರಲ್ಲಿ ನಮ್ಮ ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟವೂ ಒಡೆಯಿತು. ಕಾಫಿ ಮಂಡಳಿಯ ಪೂಲ್ ಪದ್ಧತಿ ಹಂತಹಂತವಾಗಿ ಸಡಿಲಗೊಂಡು, 1996ರಲ್ಲಿ ಬೆಳೆಗಾರ ಪೂರ್ತಿಯಾಗಿ ಬಯಲು ಪೇಟೆಗೆ ಬಂದು ನಿಂತ. ಆ ಸ್ವಾತಂತ್ರ್ಯದಿಂದ ಲಾಭವಾದ ವರ್ಷಗಳೂ ಇದ್ದವು. ಆದರೆ 2001ರಲ್ಲಿ ಜಾಗತಿಕ ಸರಾಸರಿ ಬೆಲೆ ಪೌಂಡಿಗೆ 50 ಸೆಂಟಿಗಿಂತ ಕೆಳಗೆ ಬಿದ್ದಾಗ ಹಿಡಿಯುವ ಕೈಯಿರಲಿಲ್ಲ. ಆ ದಿನಗಳ ಸಾಲದ ಭಾರವನ್ನು ನಮ್ಮ ಸಣ್ಣ ಹಿಡುವಳಿದಾರರಿಗೆ ವಿವರಿಸಬೇಕಾಗಿಲ್ಲ.

ಲಂಡನ್ನಿನ ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯನ್ನು ಅಮೆರಿಕ 1993ರಲ್ಲಿ ಬಿಟ್ಟಿತು, 2005ರಲ್ಲಿ ಸೇರಿತು, 2018ರಲ್ಲಿ ಮತ್ತೆ ಬಿಟ್ಟಿತು.

2025ರ ಸುಂಕ

1985ರಲ್ಲಿ ರೇಗನ್ ಅವರು ನಿಕರಾಗುವದೊಡನೆ ವ್ಯಾಪಾರವನ್ನೇ ನಿಲ್ಲಿಸಿದಾಗ ಆ ದೇಶದ ಕಾಫಿಗೂ ಅಮೆರಿಕದ ಬಾಗಿಲು ಮುಚ್ಚಿತ್ತು. ಅದಕ್ಕೆ ಅವರು ಬಳಸಿದ್ದು 1977ರ ತುರ್ತು ಆರ್ಥಿಕ ಅಧಿಕಾರಗಳ ಕಾನೂನನ್ನು. 40 ವರ್ಷಗಳ ಬಳಿಕ ಟ್ರಂಪ್ ಅವರು ಅದೇ ಕಾನೂನನ್ನು ಹಿಡಿದು ಹತ್ತಾರು ದೇಶಗಳ ಮೇಲೆ ಸುಂಕ ಹೇರಿದರು. 2025ರ ಆಗಸ್ಟಿನಲ್ಲಿ ಬ್ರೆಜಿಲ್ ಮಾಲಿಗೆ ಶೇಕಡಾ 50 ಸುಂಕ ಬಿತ್ತು. ಹೇಳಿದ ಕಾರಣಗಳಲ್ಲಿ ಮುಖ್ಯವಾದುದು ಅಲ್ಲಿನ ಮಾಜಿ ಅಧ್ಯಕ್ಷ ಬೊಲ್ಸೊನಾರೊ ಅವರ ಮೇಲಿನ ಮೊಕದ್ದಮೆ. ನಮ್ಮ ದೇಶಕ್ಕೆ ಮೊದಲು 25, ರಷ್ಯದ ತೈಲ ಕೊಂಡದ್ದಕ್ಕೆ ಮತ್ತೆ 25, ಒಟ್ಟು 50. ರೋಬಸ್ಟಾದಲ್ಲಿ ನಮ್ಮ ಪ್ರತಿಸ್ಪರ್ಧಿ ವಿಯೆಟ್ನಾಮಿಗೆ 20. ಮೊಕದ್ದಮೆಗೂ ತೈಲಕ್ಕೂ ಕಾಫಿಗೂ ಯಾವ ನಂಟು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು.

ಅಮೆರಿಕದ ಕಾಫಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಬ್ರೆಜಿಲಿನದು. ಬರಗಾಲದಿಂದ ಮೊದಲೇ ಏರಿದ್ದ ಬೆಲೆಯ ಮೇಲೆ ಸುಂಕವೂ ಸೇರಿತು. ಆ ಸೆಪ್ಟೆಂಬರಿನಲ್ಲಿ ಅಲ್ಲಿನ ಅಂಗಡಿಗಳಲ್ಲಿ ಕಾಫಿ ಹಿಂದಿನ ವರ್ಷಕ್ಕಿಂತ ಸುಮಾರು ಶೇಕಡಾ 19ರಷ್ಟು ತುಟ್ಟಿಯಾಗಿತ್ತು. ನವೆಂಬರ್ 4ರಂದು ನ್ಯೂ ಜೆರ್ಸಿ, ವರ್ಜೀನಿಯ ರಾಜ್ಯಗಳ ಮತ್ತು ನ್ಯೂಯಾರ್ಕ್ ನಗರದ ಚುನಾವಣೆಯಲ್ಲಿ ಜೀವನ ವೆಚ್ಚವೇ ದೊಡ್ಡ ಮಾತಾಗಿ, ಅಧ್ಯಕ್ಷರ ಪಕ್ಷ ಸೋತಿತು. ಹತ್ತು ದಿನದಲ್ಲಿ ಕಾಫಿ, ಚಹಾ, ಬಾಳೆಹಣ್ಣುಗಳಿಗೆ ಸುಂಕ ವಿನಾಯಿತಿಯ ಆದೇಶ ಹೊರಟಿತು. ನವೆಂಬರ್ 20ರಂದು ಬ್ರೆಜಿಲ್ ಕಾಫಿಯ ಮೇಲಿನ ಹೆಚ್ಚುವರಿ ಸುಂಕವೂ ಹೋಯಿತು.

ನಾವು ಗಮನಿಸಬೇಕಾದುದು

ಇಷ್ಟು ವರ್ಷಗಳ ಚರಿತ್ರೆಯಲ್ಲಿ ನಮಗೆ ಕಾಣುವುದು ಒಂದೇ. ಕಾಫಿಗೆ ಅನುಕೂಲವಾದ ತೀರ್ಮಾನಗಳೂ ಪ್ರತಿಕೂಲವಾದ ತೀರ್ಮಾನಗಳೂ ಬೆಳೆಗಾರನ ಮುಖ ನೋಡಿ ಆದವಲ್ಲ. ಒಮ್ಮೆ ಕ್ಯೂಬಾದ ಭಯ, ಒಮ್ಮೆ ತಮ್ಮ ಮತದಾರನ ಬೆಳಗಿನ ಲೋಟ. ಇದರಲ್ಲಿ ಯಾರನ್ನೂ ದೂಷಿಸಿ ಫಲವಿಲ್ಲ; ಅವರವರ ಮನೆಯನ್ನು ಅವರು ನೋಡಿಕೊಳ್ಳುತ್ತಾರೆ. ನಮ್ಮ ಮನೆಯನ್ನು ನಾವು ನೋಡಿಕೊಳ್ಳಬೇಕು.

ಆದ್ದರಿಂದ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟು. ಒಳ್ಳೆಯ ಧಾರಣೆಯ ವರ್ಷವನ್ನು ಕಾಯಂ ಎಂದು ತಿಳಿದು ಹೊಸ ಸಾಲ ಎತ್ತಬೇಡಿ, ಹಳೆಯದನ್ನು ತೀರಿಸಿ. ಇಡೀ ಫಸಲನ್ನು ಒಂದೇ ದಿನದ ಬೆಲೆಗೆ ಕೊಡದೆ ಕಂತುಗಳಲ್ಲಿ ಮಾರಿ. ಕಾಫಿ ಬಿದ್ದ ವರ್ಷ ಮನೆ ನಡೆಸುವ ಅಡಿಕೆಯನ್ನೂ ಮೆಣಸಿನ ಬಳ್ಳಿಯನ್ನೂ ಉದಾಸೀನ ಮಾಡಬೇಡಿ. ಹಣ್ಣನ್ನೇ ಆರಿಸಿ ಕೊಯ್ದು, ಕಣದಲ್ಲಿ ಚೆನ್ನಾಗಿ ಒಣಗಿಸಿ. ಒಬ್ಬ ಗಿರಾಕಿ ಬಾಗಿಲು ಹಾಕಿದಾಗ ಇನ್ನೊಬ್ಬನ ಬಾಗಿಲು ತೆರೆಸುವುದು ಒಳ್ಳೆಯ ಮಾಲು ಮಾತ್ರ. ಐದೆಕರೆಯ ಒಬ್ಬ ಬೆಳೆಗಾರ ಪೇಟೆ ಬಿದ್ದಾಗ ಮಾಲನ್ನು ತಿಂಗಳುಗಟ್ಟಲೆ ಹಿಡಿದಿಡಲಾರ. ಹಲವರು ಕೂಡಿ ಒಂದೇ ಗೋದಾಮಿನಲ್ಲಿಟ್ಟರೆ ಅದು ಸಾಧ್ಯ. ಸಹಕಾರ ಸಂಘ ಇರುವುದು ಅದಕ್ಕಾಗಿ.